ಚೌಕಳಿ ಅಂಗಿಗೆ ಮೂರು ಗುರುತು

ನಮ್ಮ ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕೋಣೆ ಅಂತ ಒಂದಿದೆ. ಅದರ ಪಕ್ಕದ ಕೋಣೆ ನನ್ನದು. ನಾನು ಮೈಕಿನಲ್ಲಿ ಬಸ್ಸು ಕೂಗುವವನು. ಇಪ್ಪತ್ತೆರಡು ವರ್ಷ ಕೂಗಿ ಕೂಗಿ ನನ್ನ ಗಂಟಲು ಊರಿಗೆಲ್ಲ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಎರಡು ಕೋಣೆಗಳ ನಡುವೆ ಒಂದು ಕಿಟಕಿ ಇದೆ. ಅದಕ್ಕೆ ಗಾಜಿಲ್ಲ, ಬರೀ ಸರಳು. ಹೀಗಾಗಿ ಆ ಮೂರು ದಿನ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಂಬಲೇಬೇಕೆಂದು ನಿಮ್ಮನ್ನು ಬಲವಂತ ಮಾಡುವುದಿಲ್ಲ. ನನ್ನ ಹೆಂಡತಿಯೇ ನಂಬಿಲ್ಲ.

ಆ ಕೋಣೆಯ ಗುಮಾಸ್ತರನ್ನು ಎಲ್ಲರೂ ಚೌಕಳಿಯವರು ಎಂದೇ ಕರೆಯುತ್ತಿದ್ದರು. ಕಾರಣ ಸರಳ. ಹನ್ನೊಂದು ವರ್ಷದ ಹಿಂದೆ ಯಾವುದೋ ಅಂಗಡಿ ಮುಚ್ಚುವಾಗ ಹಸಿರು-ಕಂದು ಚೌಕಳಿಯ ಒಂದು ಇಡೀ ಥಾನು ಬಟ್ಟೆ ತಂದು, ಐದು ಅಂಗಿ ಹೊಲಿಸಿದ್ದರು. ಐದೂ ಒಂದೇ ಅಚ್ಚು. ಭುಜದ ಹೊಲಿಗೆ ಮೊಣಕೈ ಕಡೆಗೆ ನಾಲ್ಕು ಬೆರಳು ಜಾರಿತ್ತು. ಜೇಬಿನಲ್ಲಿ ಪೆನ್ನು, ಫೋನು, ಗುರುತಿನ ಚೀಟಿ, ಎರಡು ಕನ್ನಡಕ, ಒಂದು ದಾರದುಂಡೆ. ಇದರ ಮೇಲೆ ಒಂದು ಪೊದೆ ಮೀಸೆ. ದೂರದಿಂದ ಮೊದಲು ಚೌಕಳಿ ಬರುತ್ತಿತ್ತು, ಆಮೇಲೆ ಮೀಸೆ, ಅವರು ನಿಧಾನವಾಗಿ ಹಿಂದೆ ಬರುತ್ತಿದ್ದರು.

ಕೆಲಸದಲ್ಲಿ ಮಾತ್ರ ಮಹಾ ಕಟ್ಟುನಿಟ್ಟು. ಯಾರೇ ಬಂದು ಕಳೆದ ವಸ್ತು ಕೇಳಲಿ, ಅದನ್ನು ನೋಡುವ ಮೊದಲೇ ಮೂರು ಗುರುತು ಹೇಳಬೇಕು. ಒಮ್ಮೆ ಒಬ್ಬ ಹೆಂಗಸು ಛತ್ರಿ ಕೇಳಲು ಬಂದು "ಕಪ್ಪಗಿದೆ" ಎಂದಳು.

"ಕಪ್ಪು ಅನ್ನೋದು ಗುರುತಲ್ಲ ಕಣಮ್ಮ," ಎಂದರು ಚೌಕಳಿಯವರು. "ಅದು ಎಲ್ಲಾ ಛತ್ರಿಗಳ ಹಣೆಬರಹ. ನಿಮ್ಮ ಛತ್ರಿ ಏನು ತಪ್ಪು ಮಾಡುತ್ತೆ, ಅದನ್ನ ಹೇಳಿ."

ಮಳೆಯಲ್ಲಿ ತೆರೆಯುವುದಿಲ್ಲ, ಬಿಸಿಲಿನಲ್ಲಿ ಮುಚ್ಚುವುದಿಲ್ಲ ಎಂದ ಮೇಲೆಯೇ ಆಕೆಗೆ ಛತ್ರಿ ಸಿಕ್ಕಿದ್ದು. ಗುರುತು ಹೇಳುವವರು ತೊಂಬತ್ತು ದಿನ ಬರದಿದ್ದರೆ ವಸ್ತು ವಿಲೇವಾರಿ. ಇದು ಕೋಣೆಯ ಕಾನೂನು.

ಇಂಥ ಮನುಷ್ಯನಿಗೆ ತಲೆ ಕೆಡಿಸಿದ್ದು ಅವರ ಭಾವ, ಅಂದರೆ ಹೆಂಡತಿಯ ಅಣ್ಣ. ಹೆಂಡತಿ ತನ್ನ ತಂಗಿಯ ಬಾಣಂತನಕ್ಕೆಂದು ಹೊರಟಾಗ ಮನೆಗೆ ಜೊತೆಯಾಗಿರಲು ಬಂದವರು. ಬಂದ ದಿನವೇ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿ, "ಏನು ಮಾರಾಯ, ನಿನ್ನ ನೋಡಿದ್ರೆ ಮನುಷ್ಯ ಕಾಣಲ್ಲ, ಬರೀ ಬಟ್ಟೆ ಕಾಣುತ್ತೆ" ಎಂದರಂತೆ. ಚೌಕಳಿಯವರು ಎಡಗಿವಿ ಹಿಡಿದುಕೊಂಡು "ಹೌದಾ?" ಎಂದರಂತೆ. ಯಾರು ಏನು ಹೇಳಿದರೂ, ಪೂರ್ತಿ ಕೇಳುವ ಮೊದಲೇ ಅವರು ಹೇಳುತ್ತಿದ್ದದ್ದು ಅಷ್ಟೇ. ಆದರೆ ಮಾತು ಒಳಗೆ ನಾಟಿತ್ತು.

ನಾಟಿದ ಮಾತಿಗೆ ನೀರೆರೆದದ್ದು ಒಂದು ಪುಸ್ತಕ. ತೆಳ್ಳಗಿನ ಬೂದು ರಟ್ಟಿನ ಪುಸ್ತಕ. ಯಾವುದೋ ಬಸ್ಸಿನ ಹಿಂದಿನ ಸೀಟಿನಲ್ಲಿ ಸಿಕ್ಕಿತ್ತು. ಗಂಡಸರು ಹೇಗೆ ಉಡುಪು ತೊಡಬೇಕು ಎಂಬುದನ್ನು ಏನೂ ಗೊತ್ತಿಲ್ಲದವರಿಗೆ ಹೇಳಿಕೊಡುವ ಪುಸ್ತಕ. ಚೌಕಳಿಯವರು ಅದನ್ನು ಕಿಟಕಿಯ ಬಳಿ ತಂದು ನನಗೂ ಓದಿ ಹೇಳುತ್ತಿದ್ದರು.

"ಕೇಳಿ ಇಲ್ಲಿ. ಭುಜದ ಹೊಲಿಗೆ ಭುಜದ ಮೂಳೆ ಮೇಲೇ ಕೂರಬೇಕು. ಬೆಲ್ಟು, ಬೂಟು ಒಂದೇ ಬಣ್ಣ. ಕಾಲುಚೀಲ ಪ್ಯಾಂಟಿನ ಬಣ್ಣ. ಕೋಟಿನ ಕೊನೇ ಗುಂಡಿ ಹಾಕಬಾರದು."

"ಹಾಕಬಾರದು ಅಂದ್ರೆ ಯಾಕೆ ಇಟ್ಟಿದ್ದಾರೆ?"

"ಅದನ್ನ ಹಾಕದೇ ಇರೋದೇ ವಿದ್ಯೆ ಕಣ್ರೀ. ಇನ್ನೊಂದು: ಜೇಬು ಖಾಲಿ, ಕೈ ಖಾಲಿ. ಎಲ್ಲಕ್ಕಿಂತ ಮೊದಲನೇ ಸೂತ್ರ ಇದು: ಚೆನ್ನಾಗಿ ಉಡುಪು ತೊಟ್ಟವನು ಹೋದ ಮೇಲೆ, ಅವನು ಏನು ತೊಟ್ಟಿದ್ದ ಅನ್ನೋದು ಯಾರಿಗೂ ನೆನಪಿರಬಾರದು."

ಬಸ್ಸಿನ ಹೊತ್ತಾಗಿತ್ತು, ಎದ್ದುಹೋಗಿ ಕೂಗಿದೆ.

ಸೋಮವಾರ ಬೆಳಿಗ್ಗೆ ಅವರು ದರ್ಜಿಯ ಅಂಗಡಿಗೆ ಹೋದರು. ಬಿಳಿ ಅಂಗಿ, ಬೂದು ಪ್ಯಾಂಟು, ಕಡುನೀಲಿ ಕೋಟು ತಯಾರಿತ್ತು. ಅಲ್ಲೇ ತೊಟ್ಟರು. ತೊಟ್ಟು ಬಂದಿದ್ದ ಹಳೆಯ ಅಂಗಿಯನ್ನು ಜೇಬಿನ ಸಾಮಾನು ಸಮೇತ ಚೀಲದಲ್ಲಿದ್ದ ಉಳಿದ ನಾಲ್ಕರ ಜೊತೆ ಸೇರಿಸಿ, ಕೋಟಿಗೆ ಒಳಪದರ ಆಗುತ್ತದೆಯೇ ಎಂದು ಕೇಳಿದರು. ದರ್ಜಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, "ಬೇಡಿ ಸ್ವಾಮಿ, ಕೋಟಿಗೆ ನಾಚಿಕೆ ಆಗುತ್ತೆ" ಎಂದನಂತೆ. ಚೀಲ ಹೊತ್ತು ಬಸ್ಸು ಹತ್ತಿದರು. ಒಂದು ನಿಲ್ದಾಣ ಮೊದಲೇ ಇಳಿದು ಕ್ಷೌರಿಕನ ಬಳಿ ಮೀಸೆ ತೆಗೆಸಿದರು. ಕೈ ಖಾಲಿ ಇರಬೇಕೆಂಬ ಸೂತ್ರ ನೆನಪಾಗಿ ನೋಡಿಕೊಂಡರೆ, ಕೈ ನಿಜವಾಗಿಯೂ ಖಾಲಿ ಇತ್ತು. ಚೀಲ ಬಸ್ಸಿನಲ್ಲೇ ಹೋಗಿತ್ತು.

ಕಂಡಕ್ಟರಿಗೆ ಆ ಅಂಗಿಗಳು ಯಾರವೆಂದು ಯಾರೂ ಹೇಳಬೇಕಾಗಿರಲಿಲ್ಲ. ನೇರ ಕೋಣೆಗೆ ತಂದ. ಕೋಣೆಯಲ್ಲಿ ಯಾರೂ ಇಲ್ಲ. ಬಂದ ಕೂಡಲೇ ಕಣ್ಣಿಗೆ ಬೀಳಲಿ ಎಂದು ಜೇಬು ತುಂಬಿದ್ದ ಒಂದು ಅಂಗಿಯನ್ನು ಕುರ್ಚಿಯ ಬೆನ್ನಿಗೆ ತೊಡಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅಭ್ಯಾಸಬಲದಿಂದ ಫ್ಯಾನು ಹಾಕಿದ. ಉಳಿದ ನಾಲ್ಕನ್ನು ತನ್ನ ಮನೆಯ ದಾರಿಯಲ್ಲೇ ಅವರ ಮನೆ ಸಿಗುವುದರಿಂದ ಅಲ್ಲಿ ಕೊಡುತ್ತೇನೆಂದು ಒಯ್ದ. ಅವನ ಉಪಕಾರಬುದ್ಧಿಯೇ ಎಲ್ಲಕ್ಕೂ ಮೂಲ. ಒಳ್ಳೆಯವರಿಂದ ಆಗುವಷ್ಟು ಅನಾಹುತ ಕೆಟ್ಟವರಿಂದ ಆಗುವುದಿಲ್ಲ.

ಫ್ಯಾನಿನ ಗಾಳಿಗೆ ತೋಳು ತುಂಬಿತು. ನಾನು ಕಿಟಕಿಯಿಂದ ನೋಡಿ, "ಬಂದ್ರಾ?" ಎಂದೆ. ಎಡತೋಳು ಸ್ವಲ್ಪ ಎದ್ದಿತು. ಸರಿ ಎಂದು ನನ್ನ ಕೆಲಸಕ್ಕೆ ಕೂತೆ.

ಅರ್ಧ ಗಂಟೆಯ ಮೇಲೆ ಹೊಸ ಉಡುಪಿನ ಚೌಕಳಿಯವರು ಬಾಗಿಲಿಗೆ ಬಂದರು. ಅಲ್ಲಿನ ಕಾವಲುಗಾರ ಕೈ ಅಡ್ಡ ಹಿಡಿದ.

"ಯಾರು ಬೇಕಿತ್ತು ಸಾರ್?"

"ನಾನು ಕಣಯ್ಯ. ಚೌಕಳಿ."

"ಚೌಕಳಿಯವರು ಆಗಲೇ ಬಂದಿದ್ದಾರಲ್ಲ. ಒಳಗೆ ಕೂತಿದ್ದಾರೆ, ನೋಡಿ."

ಚೌಕಳಿಯವರು ಇಣುಕಿದರು. ತಮ್ಮ ಕುರ್ಚಿ, ತಮ್ಮ ಅಂಗಿ, ತಮ್ಮ ಕನ್ನಡಕ. ಅಷ್ಟರಲ್ಲಿ ಇನ್ನೊಬ್ಬ ಕಂಡಕ್ಟರು ಒಳನುಗ್ಗಿ "ಚೌಕಳಿಯವರೇ, ಒಂದು ಟಿಫಿನ್ ಡಬ್ಬಿ" ಎಂದು ಮೇಜಿನ ಮೇಲಿಟ್ಟು ಹಿಂದಿರುಗಿದ.

"ಅದು ಅಂಗಿ ಕಣಯ್ಯ! ಬರೀ ಅಂಗಿ!"

"ಅವರನ್ನ ಎಲ್ಲರೂ ಹಾಗೇ ತಮಾಷೆ ಮಾಡ್ತಾರೆ ಸಾರ್. ಮನಸ್ಸಿಗೆ ಹಚ್ಚಿಕೊಳ್ಳಲ್ಲ ಅವರು. ಏನು ಕಳಕೊಂಡಿದ್ದೀರಿ? ಬೆಂಚಿನ ಮೇಲೆ ಕೂತು ಗುರುತು ಹೇಳಿ."

"ನನ್ನನ್ನೇ ಕಳಕೊಂಡಿದ್ದೀನಿ!"

"ಆಗಲಿ. ಮೂರು ಗುರುತು."

ಚೌಕಳಿಯವರು ಪುಸ್ತಕ ನೆನಪಿಸಿಕೊಂಡರು. "ಬಿಳಿ ಅಂಗಿ. ನೀಲಿ ಕೋಟು. ಬೆಲ್ಟು, ಬೂಟು ಒಂದೇ ಬಣ್ಣ."

"ಅದು ಗುರುತಲ್ಲ ಸಾರ್," ಎಂದ ಕಾವಲುಗಾರ, ಕಲಿಸಿಕೊಟ್ಟವರಿಗೇ ಪಾಠ ಒಪ್ಪಿಸುತ್ತ. "ಅದು ಅಂಗಡಿಯ ಹಣೆಬರಹ. ನೀವು ಏನು ತಪ್ಪು ಮಾಡ್ತೀರಿ, ಅದನ್ನ ಹೇಳಿ."

ಅವರಿಗೆ ಒಂದೂ ಹೊಳೆಯಲಿಲ್ಲ. ನಮ್ಮ ತಪ್ಪು ನಮಗೆ ಗೊತ್ತಿದ್ದರೆ ಮದುವೆ ಯಾಕೆ ಬೇಕಾಗುತ್ತಿತ್ತು?

ಗುರುತಿನ ಚೀಟಿ ಅಂಗಿಯ ಜೇಬಿನಲ್ಲಿದೆ ಎಂದು ಅವರು ಹೇಳಿದಾಗ ಕಾವಲುಗಾರ ಹೋಗಿ, ಕುರ್ಚಿಗೆ "ಕ್ಷಮಿಸಿ" ಎಂದು ಹೇಳಿ, ಚೀಟಿ ತಂದು ನೋಡಿದ. ಫೋಟೊದಲ್ಲಿ ಮುಕ್ಕಾಲು ಪಾಲು ಚೌಕಳಿ, ಉಳಿದದ್ದು ಮೀಸೆ. ಎದುರಿಗಿದ್ದವರಲ್ಲಿ ಎರಡೂ ಇರಲಿಲ್ಲ.

ನೀವು ಕೇಳಬಹುದು, ನಾನೇಕೆ ಗುರುತಿಸಲಿಲ್ಲ ಎಂದು. ನಿಜ ಹೇಳುತ್ತೇನೆ. ಬೆಂಚಿನ ಮೇಲೆ ಯಾರೋ ಕೂತಿದ್ದಾರೆಂದು ನೋಡಲು ಹೋದರೆ, ಎಣ್ಣೆ ಸವರಿದ ಹಲಗೆಯ ಮೇಲಿನ ನೀರಿನಂತೆ ಕಣ್ಣು ಜಾರಿಹೋಗುತ್ತಿತ್ತು. ಅಷ್ಟು ಚೆನ್ನಾಗಿ ಹೊಲಿದಿದ್ದ ದರ್ಜಿ.

ಸಂಜೆ ಅವರು ಮನೆಗೆ ಹೋದರು. ಬಾಗಿಲು ತೆರೆದವರು ಭಾವ. ಅವರಿಗೆ ಕನ್ನಡಕ ಇದೆ, ಆದರೆ ಹಾಕಿಕೊಂಡರೆ ವಯಸ್ಸಾಯಿತು ಅಂತಾರೆಂದು ಹಾಕುವುದಿಲ್ಲ.

"ಯಾರ್ರೀ?"

"ಭಾವ, ನಾನು."

"ಯಾವ ನಾನು? ನನ್ನ ತಂಗಿ ಗಂಡ ಒಳಗಿದ್ದಾನೆ."

ಕಿಟಕಿಯ ಬಳಿಯ ಆರಾಮಕುರ್ಚಿಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಹಸಿರು-ಕಂದು ಚೌಕಳಿ. ಎದುರಿಗೆ ಚದುರಂಗದ ಮಣೆ.

"ಒಳ್ಳೆ ಆಟ ನಡೀತಿದೆ," ಎಂದರು ಭಾವ ದನಿ ತಗ್ಗಿಸಿ. "ಇಷ್ಟು ವರ್ಷ ಆಟದ ಮಧ್ಯೆ ಹೌದಾ ಹೌದಾ ಅಂತ ಪ್ರಾಣ ತಿಂತಿದ್ದ. ಇವತ್ತು ತುಟಿ ಪಿಟಕ್ಕೆನ್ನದೆ ಆಡ್ತಿದ್ದಾನೆ. ಎರಡು ಆಟ ಗೆದ್ದೂ ಬಿಟ್ಟ."

"ಗೆದ್ದನಾ? ಕಾಯಿ ಯಾರು ನಡೆಸಿದ್ರು?"

ಭಾವ ತಿರುಗಿ ಮಣೆಯ ಕಡೆ ನೋಡಿದರು. ಅವರ ಮುಖ ಬಿಳಿಚಿತು. ಆಮೇಲೆ, "ನಿಮಗ್ಯಾಕ್ರೀ ಊರ ಉಸಾಬರಿ?" ಎಂದು ಬಾಗಿಲು ಹಾಕಿದರು.

ಚೌಕಳಿಯವರು ನಿಲ್ದಾಣದ ಬೆಂಚಿಗೇ ಮರಳಿದರು. ಹೋಗಲು ಬೇರೆ ಜಾಗ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಹಾಜರಿ ಪುಸ್ತಕ ಬಂತು. ಕಾವಲುಗಾರ ಅದನ್ನು ಅಂಗಿಯ ಮುಂದಿಟ್ಟು ಬಾಗಿಲಿಗೆ ಹೋದ. ಐದು ನಿಮಿಷದ ಮೇಲೆ ನಾನು ನನ್ನ ಸಹಿಗೆಂದು ಪುಸ್ತಕ ತರಿಸಿಕೊಂಡೆ. ಅವರ ಹೆಸರಿನ ಮುಂದೆ ಸಹಿ ಆಗಿತ್ತು. ಅವರದೇ ಸಹಿ, ಕೊನೆಯಲ್ಲಿ ಎರಡು ಸುತ್ತು ಸುತ್ತಿದ ಬಾಲ ಸಮೇತ. ಶಾಯಿ ಇನ್ನೂ ಒದ್ದೆ ಇತ್ತು. ನಾನು ನನ್ನ ಸಹಿ ಹಾಕಿ, ಪುಸ್ತಕ ಮುಚ್ಚಿ, ಬರಬೇಕಾಗಿಲ್ಲದ ಬಸ್ಸೊಂದನ್ನು ಕೂಗಿಬಿಟ್ಟೆ. ಹನ್ನೆರಡು ಜನ ಓಡಿಬಂದು ನನ್ನನ್ನು ಬೈದರು.

ಬೈಸಿಕೊಂಡ ಮೇಲೆ ಮನಸ್ಸು ಸ್ವಲ್ಪ ಹಗುರವಾಯಿತು. ಆದರೆ ಆ ದಿನವಿಡೀ ಕೋಣೆಯ ಕೆಲಸ ಎಂದಿಗಿಂತ ಚೆನ್ನಾಗಿ ನಡೆಯಿತು. ಜನ ಬಂದು ಗುರುತು ಹೇಳುವರು, ಕುರ್ಚಿಯಿಂದ ಅಡ್ಡಪ್ರಶ್ನೆ ಬರದು, ತಮ್ಮ ಸಾಮಾನು ತಾವೇ ಹುಡುಕಿಕೊಂಡು ನಮಸ್ಕಾರ ಹೇಳಿ ಹೋಗುವರು. ನಡುನಡುವೆ ಅಂಗಿಯ ಜೇಬಿನಲ್ಲಿ ಫೋನು ಮೊಳಗುವುದು. ಎರಡು ಸಲ ಮೊಳಗಿ ತಾನಾಗಿಯೇ ನಿಲ್ಲುವುದು. ಯಾರೋ ಎತ್ತಿದ ಹಾಗೆ.

ಬೆಂಚಿನ ಮೇಲಿದ್ದವರು ಎದ್ದುಬಂದು ನನ್ನ ಕಿಟಕಿಯ ಸರಳು ಹಿಡಿದರು. "ನೀವಾದ್ರೂ ಹೇಳ್ರೀ. ಆ ಪುಸ್ತಕ ನಿಮಗೂ ಓದಿ ಹೇಳಿಲ್ವಾ ನಾನು?"

ದನಿ ಕೇಳಿದಾಗ ನನಗೆ ಗೊತ್ತಾಯಿತು. ಖಂಡಿತ ಗೊತ್ತಾಯಿತು. ಆದರೆ ಅವರ ಭುಜದಾಚೆ ಕುರ್ಚಿ ಕಾಣುತ್ತಿತ್ತು, ಮತ್ತು ಫ್ಯಾನು ನಿಂತಿದ್ದರೂ ತೋಳು ತುಂಬಿಯೇ ಇತ್ತು. "ವಿಚಾರಣೆ ಮುಂದಿನ ಕಿಟಕಿ" ಎಂದುಬಿಟ್ಟೆ. ಈ ಮಾತು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಬುಧವಾರ ಮ್ಯಾನೇಜರು ಸ್ವತಃ ಕೋಣೆಗೆ ಬಂದರು. "ಚೌಕಳಿಯವರೇ, ಎರಡು ದಿನದಿಂದ ಒಂದೇ ಒಂದು ದೂರಿಲ್ಲ. ಇಂಥ ಗಂಭೀರ ಮನುಷ್ಯ ನಿಮ್ಮೊಳಗಿದ್ದ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದು, ಹಿರಿಯ ಗುಮಾಸ್ತ ಎಂದು ಬಡ್ತಿ ಕೊಟ್ಟ ಆದೇಶವನ್ನು ಅಂಗಿಯ ಜೇಬಿಗೆ ಗುಂಡುಸೂಜಿಯಿಂದ ಚುಚ್ಚಿದರು. ಆ ಬಡ್ತಿಗಾಗಿ ಅವರು ಹನ್ನೊಂದು ವರ್ಷ ಕಾದಿದ್ದರು. ಅದು ಅವರಿಂದ ಆರು ಅಡಿ ದೂರದಲ್ಲಿ ಅವರ ಅಂಗಿಗೆ ಸಿಕ್ಕಿತು.

ಹೋಗುವಾಗ ಮ್ಯಾನೇಜರ ಕಣ್ಣು ಬೆಂಚಿನ ಮೇಲೆ ಬಿತ್ತು. "ಇದೇನು?"

"ಮೂರು ದಿನದಿಂದ ಇದೆ ಸಾರ್," ಎಂದ ಕಾವಲುಗಾರ. "ಯಾರೂ ಕೇಳಿಕೊಂಡು ಬಂದಿಲ್ಲ."

"ಹಾಗಾದ್ರೆ ಚೀಟಿ ಯಾಕೆ ಕಟ್ಟಿಲ್ಲ? ನಿಯಮ ನಿಯಮವೇ."

ಕಾವಲುಗಾರ ಹಳದಿ ಚೀಟಿಯಲ್ಲಿ ಬರೆದ: ಸಂಖ್ಯೆ ನಾನೂರ ಹದಿನೇಳು. ಗಂಡಸು, ಒಂದು. ಸ್ಥಿತಿ ಉತ್ತಮ. ಕೋಟಿನ ಕೊನೆಯ ಗುಂಡಿ ಖಾಲಿ ಇದ್ದುದರಿಂದ ಅದಕ್ಕೇ ಕಟ್ಟಿದ. ಆ ಗುಂಡಿ ಯಾಕಿದೆ ಎಂಬ ನನ್ನ ಪ್ರಶ್ನೆಗೆ ಆಗ ಉತ್ತರ ಸಿಕ್ಕಿತು.

ಚೌಕಳಿಯವರು ತಡೆಯಲಿಲ್ಲ. ಚೀಟಿಯನ್ನು ಕೈಯಲ್ಲಿ ಹಿಡಿದು ನೋಡುತ್ತ ಕೂತರು. ಇನ್ನು ಎಂಬತ್ತೇಳು ದಿನ. ಅವರಿಗೆ ಆಗ ನಿಜವಾದ ಭಯವಾಯಿತಂತೆ. ನನಗೂ ಆಯಿತು. ನನ್ನ ಕೈಲಾದದ್ದು ಒಂದೇ, ಮೈಕಿಗೆ ಬಾಯಿಟ್ಟು ಕೂಗಿದೆ: "ಪ್ರಯಾಣಿಕರ ಗಮನಕ್ಕೆ. ನಿಲ್ದಾಣದಲ್ಲಿ ಒಬ್ಬರು ಗಂಡಸರು ಸಿಕ್ಕಿರುತ್ತಾರೆ. ಸಂಬಂಧಪಟ್ಟವರು ಗುರುತು ಹೇಳಿ ಪಡೆಯತಕ್ಕದ್ದು."

ಎರಡು ಸಲ ಕೂಗಿದೆ. ಮೂರನೇ ಸಲಕ್ಕೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕೈಯಲ್ಲಿ ಚೀಲ, ಮುಖದ ಮೇಲೆ ಪ್ರಯಾಣದ ಧೂಳು, ಅದರ ಮೇಲೆ ಸಿಟ್ಟು. ಚೌಕಳಿಯವರ ಹೆಂಡತಿ.

"ನಮ್ಮವರು ಎಲ್ಲಿ?"

ಕಾವಲುಗಾರ ಕುರ್ಚಿ ತೋರಿಸಿದ. "ಒಳಗಿದ್ದಾರಮ್ಮ. ಬಡ್ತಿ ಬೇರೆ ಆಗಿದೆ."

ಆಕೆ ಕುರ್ಚಿಯ ಕಡೆ ಒಂದು ಸಲ ನೋಡಿದಳು. "ಮೂರು ದಿನದಿಂದ ಫೋನ್ ಮಾಡ್ತಾನೇ ಇದ್ದೀನಿ. ಎತ್ತುತ್ತಾರೆ, ಸುಮ್ಮನೆ ಉಸಿರಾಡ್ತಾರೆ. ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಳ್ತಾರೆ. ಮದುವೆ ಆಗಿ ಇಷ್ಟು ವರ್ಷದಲ್ಲಿ ನಮ್ಮವರು ಒಂದು ಮಾತು ಪೂರ್ತಿ ಕೇಳಿದ್ದಿಲ್ಲ. ಅಲ್ಲೇ ನನ್ನ ಜೀವ ಹಾರಿಹೋಯ್ತು. ಇದು ಅವರಲ್ಲ."

"ಅಮ್ಮಾ, ಹಾಗೆಲ್ಲ ಹೇಳಿದ್ರೆ ಆಗಲ್ಲ. ಮೂರು ಗುರುತು ಹೇಳಬೇಕು."

"ಬರ್ಕೊಳ್ಳಿ. ಒಂದು, ಯಾರಾದ್ರೂ ಮಾತಾಡ್ತಿದ್ರೆ ಎಡಗಿವಿ ಹಿಡ್ಕೊಳ್ತಾರೆ. ಎರಡು, ಮಾತು ಮುಗಿಯೋ ಮೊದಲೇ ಹೌದಾ ಅಂತಾರೆ."

ನಾವೆಲ್ಲ ಕುರ್ಚಿ ನೋಡಿದೆವು. ಅಂಗಿಯ ಎಡತೋಳು ನಿಧಾನವಾಗಿ ಮೇಲೆದ್ದು ಕೊರಳಪಟ್ಟಿಯ ಬಳಿ ನಿಂತಿತು. ಕಿವಿ ಇರಬೇಕಾದ ಜಾಗದಲ್ಲಿ. ಕಾವಲುಗಾರನ ಕೈಯಿಂದ ಪೆನ್ನು ಬಿತ್ತು. ಬೆಂಚಿನ ಮೇಲಿದ್ದವರೂ ಎಡಗಿವಿ ಹಿಡಿದಿದ್ದರು. ಯಾರು ಯಾರನ್ನು ನೋಡಿ ಹಿಡಿದರೋ ನಾನು ಹೇಳಲಾರೆ.

"ಮೂರನೇದು?" ಎಂದ ಕಾವಲುಗಾರ, ಪೆನ್ನು ಎತ್ತಿಕೊಳ್ಳುತ್ತ.

"ಅದನ್ನ ಹೇಳಲ್ಲ," ಎಂದಳು ಆಕೆ. ಚೀಲ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಕುರ್ಚಿಗೂ ಬೆಂಚಿಗೂ ನಡುವಿನ ಗೋಡೆ ನೋಡಿ ಶುರುಮಾಡಿದಳು. "ಬುದ್ಧಿ ಇದೆಯೇನ್ರೀ ನಿಮಗೆ? ಮನೆ ಬಿಟ್ಟು ಒಂದು ವಾರ ಹೋಗೋ ಹಾಗಿಲ್ವಾ ನಾನು? ಅಲ್ಲಿ ಹಸುಗೂಸು ಬಿಟ್ಟು, ಎರಡು ಬಸ್ಸು ಹತ್ತಿ, ಕಾಲು ನೋಯಿಸಿಕೊಂಡು ಬಂದಿದ್ದೀನಿ! ಎಲ್ಲಿ ಹಾಳಾಗಿ ಹೋಗಿದ್ರಿ ನೀವು?"

ಕುರ್ಚಿಯ ಅಂಗಿ ಮುಂದಕ್ಕೆ ಬಾಗಿತ್ತು, ಉತ್ತರ ಹುಡುಕುವವರ ಹಾಗೆ. ಆಕೆಯ ಕಣ್ಣಲ್ಲಿ ನೀರು ತುಂಬಿತ್ತು; ಉತ್ತರ ಬರದಿದ್ದರೆ ಏನು ಗತಿ ಎಂಬ ಭಯ ಸಿಟ್ಟಿನ ಹಿಂದೆ ನಿಂತಿದ್ದು ನಮಗೆಲ್ಲ ಕಾಣುತ್ತಿತ್ತು.

ಆಗ ಬೆಂಚಿನಿಂದ ಒಂದು ಸಣ್ಣ ದನಿ ಬಂತು.

"ನಿಂದು ಊಟ ಆಯ್ತಾ?"

ಆಕೆ ತಟ್ಟನೆ ತಿರುಗಿದಳು. "ಇದೇ ಕಣಪ್ಪಾ ಮೂರನೇ ಗುರುತು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಷ್ಟೇ ಬೈದರೂ ಇದೊಂದನ್ನೇ ಕೇಳೋದು. ಮೀಸೆ ಎಲ್ಲಿ ಬಿಟ್ಟು ಬಂದ್ರಿ? ಏಳಿ, ಮನೆಗೆ ಹೋಗೋಣ."

"ಹೌದಾ?" ಎಂದರು ಚೌಕಳಿಯವರು. ಆ ಹೊತ್ತಿಗೆ ನನ್ನ ಕಣ್ಣಿಗೂ ಅವರು ಸ್ಪಷ್ಟವಾಗಿ ಕಂಡರು. ಕಾವಲುಗಾರ ಚೀಟಿ ಬಿಚ್ಚಿ, ಆಕೆಯ ಸಹಿ ಹಾಕಿಸಿಕೊಂಡ. ಮ್ಯಾನೇಜರ ಆದೇಶವನ್ನು ಅಂಗಿಯಿಂದ ಬಿಚ್ಚಿ ಕೋಟಿಗೆ ಚುಚ್ಚಿದ.

ಆಕೆ ಕುರ್ಚಿಯಿಂದ ಅಂಗಿ ಎತ್ತಿದಳು. ಫೋನು, ಕನ್ನಡಕ, ದಾರದುಂಡೆ ತೆಗೆದು ಚೀಲಕ್ಕೆ ಹಾಕಿ, ಹಳೆಯ ಅಭ್ಯಾಸದಿಂದ ಗಂಡನ ಭುಜಕ್ಕೆ ಅಂಗಿ ಹಿಡಿದು ನೋಡಿದಳು. ಅವಳ ಕೈ ನಿಂತಿತು. ಹನ್ನೊಂದು ವರ್ಷ ನಾಲ್ಕು ಬೆರಳು ಜಾರುತ್ತಿದ್ದ ಹೊಲಿಗೆ ಈಗ ಭುಜದ ಮೂಳೆಯ ಮೇಲೇ ಕೂತಿತ್ತು.

"ಇದು ನಿಮ್ಮದಲ್ಲ," ಎಂದಳು ಮೆಲ್ಲಗೆ. "ನಿಮಗೆ ಯಾವತ್ತೂ ಇಷ್ಟು ಸರಿಯಾಗಿ ಕೂತಿಲ್ಲ." ಮಡಿಸಿ ಕಾವಲುಗಾರನ ಕೈಗೆ ಕೊಟ್ಟಳು. "ಒಳಗಿಡಿ. ಕಳಕೊಂಡವರು ಬಂದು ಕೇಳಲಿ."

ಮನೆಯಲ್ಲಿದ್ದ ನಾಲ್ಕನ್ನು ಆಕೆ ಅಂದೇ ಕತ್ತರಿಸಿ ನೆಲ ಒರೆಸಲು ಹಾಕಿದಳು. ಭಾವ ಈಗ ಕನ್ನಡಕ ಹಾಕುತ್ತಾರೆ, ಚದುರಂಗ ಆಡುವುದಿಲ್ಲ. ಗುಮಾಸ್ತರು ಮೀಸೆ ಮತ್ತೆ ಬೆಳೆಸಿದ್ದಾರೆ. ಕೋಟನ್ನೇ ತೊಡುತ್ತಾರೆ, ಆದರೆ ಹೆಂಡತಿಯ ಅಪ್ಪಣೆಯಂತೆ ಕೊನೆಯ ಗುಂಡಿ ಹಾಕಿಕೊಂಡು. ಅದರಿಂದಾಗಿ ಎಲ್ಲರಿಗೂ ಗುರುತು ಸಿಗುತ್ತದೆ. ಅಂಗಿಗೆ ಚೀಟಿ ಕಟ್ಟಿ ಕಪಾಟಿನಲ್ಲಿಟ್ಟರು, ಪಕ್ಕದಲ್ಲಿ ಆ ಬೂದು ಪುಸ್ತಕ.

ನಿನ್ನೆಗೆ ಎಂಬತ್ತೊಂಬತ್ತು ದಿನ. ನಾನು ಮಧ್ಯಾಹ್ನದ ಬಸ್ಸು ಕೂಗಿ ಬರುವಷ್ಟರಲ್ಲಿ ಕಪಾಟಿನ ಆ ಜಾಗ ಖಾಲಿಯಾಗಿತ್ತು. ಯಾರೋ ಬಂದು ಅಂಗಿಗೆ ಮೂರು, ಪುಸ್ತಕಕ್ಕೆ ಮೂರು, ಆರು ಗುರುತೂ ಸರಿಯಾಗಿ ಹೇಳಿ ಒಯ್ದಿದ್ದರು. ನಾನು ಕಿಟಕಿಯಿಂದ ಕೈ ಚಾಚಿ ದಾಖಲೆ ಪುಸ್ತಕ ತೆಗೆದುಕೊಂಡು ಸಹಿ ನೋಡಿದೆ. ಕೊನೆಯಲ್ಲಿ ಬಾಲ ಎರಡು ಸುತ್ತು ಸುತ್ತಿತ್ತು.

"ಯಾರ್ರೀ ಬಂದಿದ್ದು? ನೋಡೋಕೆ ಹೇಗಿದ್ರು?" ಎಂದೆ.

ಗುಮಾಸ್ತರು ಎಡಗಿವಿ ಹಿಡಿದುಕೊಂಡರು.

"ತುಂಬಾ ಚೆನ್ನಾಗಿ ಡ್ರೆಸ್ ಮಾಡ್ಕೊಂಡಿದ್ರು ಕಣ್ರೀ," ಎಂದರು. "ಏನು ಹಾಕ್ಕೊಂಡಿದ್ರು ಅನ್ನೋದೇ ನೆನಪಿಗೆ ಬರ್ತಿಲ್ಲ."